ವೈನಿ ಸೋಸಿದ ಉಪ್ಪು

೧೯೫೨, ಜುಲೈ ತಿಂಗಳ ಮೂರನೆಯ ಶನಿವಾರ. ಬೆಳಿಗ್ಗೆ ಐದು ಗಂಟೆ ಹತ್ತು ನಿಮಿಷ. ದಾದರಿನ ಚಾಳಿನ ನಮ್ಮ ಕೋಣೆಯಲ್ಲಿದ್ದವರು ಮೂರು ಜನ: ನಾನು, ನನ್ನ ಅಣ್ಣ, ಅಣ್ಣನ ಹೆಂಡತಿ. ನಮ್ಮ ವಿಜಾಪುರದ ಕಡೆ ಅಣ್ಣನ ಹೆಂಡತಿಯನ್ನು ವೈನಿ ಎನ್ನುತ್ತೇವೆ. ಅಣ್ಣ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ವೈನಿ ಕಿಟಕಿಯ ಕೆಳಗೆ ಕಂದೀಲು ಇಟ್ಟುಕೊಂಡು ಕುಳಿತಿದ್ದರು. ಕೈಯಲ್ಲಿ ಮೊರ. ಮೊರದಲ್ಲಿ ಏನೂ ಇರಲಿಲ್ಲ. ಅದನ್ನು ಬೋರಲು ಹಾಕಿ ದೂಳು ಕೊಡವುತ್ತಿದ್ದರು. ಆ ಸದ್ದಿಗೇ ನನಗೆ ಎಚ್ಚರವಾಗಿತ್ತು. ನಾನು ಏಳುವ ಹೊತ್ತು ಐದೂವರೆ.

“ಎದ್ದ್ಯಾ? ನೀ ಏಳೂದ್ರೊಳಗ ಮುಗಿಸಬೇಕು ಅಂತ ಮಾಡಿದ್ದೆ, ಮುಗೀತು,” ಎಂದರು. “ಎಂಥಾ ರೇಶನ್ ಅಕ್ಕಿ ಕೊಡ್ತಾರವಾ ನಿಮ್ಮ ಮುಂಬೈದಾಗ. ಕಲ್ಲ ಹಾಕೂದ ಹಾಕ್ಯಾರ, ತೊಳದ ಹಾಕ್ಯಾರ.”

ಆ ಕಲ್ಲುಗಳನ್ನು ತೊಳೆದು ಹಾಕಿದವಳು ನಾನೇ. ಹಿಂದಿನ ಸಂಜೆ ಅಣ್ಣ, ವೈನಿ ಇಬ್ಬರೂ ಗ್ರಾಂಟ್ ರೋಡಿನಲ್ಲಿದ್ದ ನಮ್ಮ ಊರಿನವರನ್ನು ನೋಡಲು ಹೋಗಿದ್ದಾಗ, ಮರುದಿನದ ಪಾಠಕ್ಕೆ ಬೇಕಾದುದನ್ನು ಸಿದ್ಧ ಮಾಡಿದ್ದೆ. ಡಬ್ಬಿಯಲ್ಲಿ ಉಳಿದಿದ್ದ ಅಕ್ಕಿಯನ್ನು ಮೊದಲು ಪೂರ್ತಿ ಆರಿಸಿ ಸ್ವಚ್ಛ ಮಾಡಿದೆ. ಆಮೇಲೆ ಚಾಳಿನ ಅಂಗಳದಿಂದ ಇಪ್ಪತ್ತೈದು ಸಣ್ಣ ಕಲ್ಲು ತಂದು, ತೊಳೆದು, ಒರೆಸಿ, ಅದರಲ್ಲಿ ಬೆರೆಸಿದೆ. ಲೆಕ್ಕದ ಕಲ್ಲು ಹಾಕಿದರೆ ಮಕ್ಕಳು ಎಲ್ಲವನ್ನೂ ತೆಗೆದರೋ ಇಲ್ಲವೋ ತಿಳಿಯುತ್ತದೆ. ಇನ್ನೊಂದು ಬಟ್ಟಲಿನಲ್ಲಿ ಹರಳುಪ್ಪಿಗೆ ಉಸುಕು ಬೆರೆಸಿದೆ. ಎರಡನ್ನೂ ಮೊರದಲ್ಲಿಟ್ಟು ಮೇಲೆ ಬಟ್ಟೆ ಮುಚ್ಚಿ ಮಲಗಿದೆ. ಅವರು ಬಂದದ್ದು ತಡವಾಗಿ. ಹೇಳಬೇಕೆಂದು ನನಗೆ ತೋಚಲಿಲ್ಲ.

“ಉಪ್ಪು?” ಎಂದು ಕೇಳಿದೆ.

“ಉಪ್ಪಿನ್ಯಾಗ ಅರ್ಧಕ್ಕರ್ಧ ಉಸುಕ. ನೀರಾಗ ಕರಗಿಸಿ, ಉಸುಕು ಕೂಡೂತನಾ ಇಟ್ಟು, ಅರಿವ್ಯಾಗ ಸೋಸೀನಿ. ಆ ತಂಬಿಗ್ಯಾಗ ಐತಿ ನೋಡು. ನಾಕು ದಿನ ಸಾರಿಗೆ, ಪಲ್ಯಕ್ಕ ಅದನ್ನ ಹಾಕ್ಕೊ. ನಮ್ಮವ್ವ ಹಂಗ ಮಾಡ್ತಿದ್ಲು.”

ಅಕ್ಕಿ ಆಗಲೇ ತೊಳೆದು ಪಾತ್ರೆಗೆ ಬಿದ್ದಿತ್ತು. ಕಲ್ಲು ಕಿಟಕಿಯಿಂದ ಗಟಾರಕ್ಕೆ ಹೋಗಿತ್ತು. ಸೋಸಿದ ಉಸುಕು ಮಾತ್ರ ಒದ್ದೆ ಬಟ್ಟೆಯ ಮೇಲೆ ಮುದ್ದೆಯಾಗಿ ಉಳಿದಿತ್ತು.

ನಾನು ಹಾಸಿಗೆ ಸುತ್ತಿದೆ. ನನಗೆ ಸಿಟ್ಟು ಬರಲಿಲ್ಲ. ಆ ತಿಂಗಳುಗಳಲ್ಲಿ ನನಗೆ ಯಾವುದೂ ಬರುತ್ತಿರಲಿಲ್ಲ. ಏಪ್ರಿಲ್‌ನಲ್ಲಿ ನಮ್ಮ ಯಜಮಾನರು ವಿಷಮಶೀತ ಜ್ವರದಲ್ಲಿ ತೀರಿಕೊಂಡಿದ್ದರು. ಫೋರ್ಟಿನ ಒಂದು ಕಚೇರಿಯಲ್ಲಿ ಅವರಿಗೆ ಕಾರಕೂನಿಕೆ. ಒಂಬತ್ತು ದಿನ ಜ್ವರ, ಹತ್ತನೆಯ ದಿನ ಇಲ್ಲ. ಜೂನ್‌ನಲ್ಲಿ ಶಾಲೆ ತೆರೆದ ಮೊದಲ ದಿನವೇ ನಾನು ಕೆಲಸಕ್ಕೆ ಹೋದೆ. ಐದೂವರೆಗೆ ಏಳುವುದು, ಆರಕ್ಕೆ ನೀರು, ಆರೂವರೆಗೆ ಊಟದ ತಯಾರಿ, ಏಳಕ್ಕೆ ಬಾಗಿಲಿಗೆ ಬೀಗ, ಏಳು ಇಪ್ಪತ್ತಕ್ಕೆ ಶಾಲೆಯ ಮೊದಲ ಗಂಟೆ. ಒಂದು ಕೆಲಸ ಮುಗಿದ ಕೂಡಲೇ ಇನ್ನೊಂದು ಬರುತ್ತಿತ್ತು. ನಡುವೆ ಜಾಗ ಬಿಡುತ್ತಿರಲಿಲ್ಲ. ಚಾಳಿನ ಹೆಂಗಸರು ಇವಳ ಕಣ್ಣಲ್ಲಿ ನೀರೇ ಬರಲಿಲ್ಲ ಎಂದು ಮಾತಾಡಿಕೊಂಡದ್ದು ನನ್ನ ಕಿವಿಗೂ ಬಿದ್ದಿತ್ತು. ಅದು ನಿಜವೇ ಆಗಿತ್ತು.

ಆ ಶನಿವಾರದ ಪಾಠ ಸಾಮಾನ್ಯ ಪಾಠವಲ್ಲ. ನಾನು ಕನ್ನಡ ಶಾಲೆಯಲ್ಲಿ ಒಂದು ವರ್ಷದಿಂದ ಹಂಗಾಮಿ ಶಿಕ್ಷಕಿ. ತಪಾಸಣೆಯ ಸಾಹೇಬರು ನನ್ನ ಪಾಠ ನೋಡಿ ಶಿಫಾರಸು ಮಾಡಿದರೆ ಕಾಯಂ. ಅಣ್ಣ ವಿಜಾಪುರದಲ್ಲಿ ಅರಳೆ ವ್ಯಾಪಾರಿಯೊಬ್ಬರ ಹತ್ತಿರ ಇದ್ದವನು, ನಾಲ್ಕು ದಿನ ರಜೆ ಹಾಕಿ ನನ್ನನ್ನು ಕರೆದುಕೊಂಡು ಹೋಗಲೆಂದೇ ಬಂದಿದ್ದ. ಬಂದ ದಿನವೇ ಹೇಳಿದ್ದ: “ಕಾಯಂ ಆತು ಅಂದ್ರ ಇರು, ನಾ ಏನೂ ಅನ್ನಂಗಿಲ್ಲ. ಆಗಲಿಲ್ಲ ಅಂದ್ರ ಶನಿವಾರ ಸಂಜೀ ಗಾಡೀಗೆ ನಡೀಬೇಕು. ಮೂರು ಟಿಕೀಟ ತಗಸೀನಿ. ಒಬ್ಬಾಕಿ ಹೆಣ್ಣಮಗಳು, ಇಲ್ಲಿ ಯಾವ ಆಸರದ ಮ್ಯಾಲ ಇರ್ತಿ?”

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ವೈನಿ ತಮ್ಮ ಮನೆಯ ಒಳಕೋಣೆಯಲ್ಲಿ ನನಗಾಗಿ ಒಂದು ಗೂಡು ಖಾಲಿ ಮಾಡಿಟ್ಟು ಬಂದಿದ್ದರು. ಮುಂಬಯಿಯ ಮೇಲೆ ನನಗೆ ಪ್ರೀತಿಯೇನೂ ಇರಲಿಲ್ಲ. ಆದರೆ ಆ ಒಳಕೋಣೆಯಲ್ಲಿ ಬೆಳಿಗ್ಗೆ ಎದ್ದು ಏನು ಮಾಡಬೇಕು ಎಂದು ಯೋಚಿಸಿದರೆ ಮುಂದಕ್ಕೆ ಏನೂ ಕಾಣುತ್ತಿರಲಿಲ್ಲ. ಅಲ್ಲಿ ಗಂಟೆ ಬಾರಿಸುವವರಿಲ್ಲ. ಉಳಿಯಬೇಕೆಂದು ನನಗಿದ್ದ ಕಾರಣ ಅದೊಂದೇ. ಯಾರಿಗಾದರೂ ಹೇಳಿದರೆ ಕಾರಣ ಎನಿಸುವಂಥದ್ದಲ್ಲ.

ಬೇರೆ ಅಕ್ಕಿ ಮನೆಯಲ್ಲಿ ಇರಲಿಲ್ಲ. ರೇಶನ್ ಅಂಗಡಿಗೆ ಸೋಮವಾರ ಹೋಗಬೇಕಾಗಿತ್ತು. ಕಿರಾಣಿ ಅಂಗಡಿ ತೆರೆಯುವುದು ಎಂಟಕ್ಕೆ. ಚಾಳಿನ ನಮ್ಮ ಸಾಲಿನಲ್ಲಿ ಹದಿನಾರು ಬಾಗಿಲುಗಳಿದ್ದವು, ಯಾರ ಮನೆಯಲ್ಲಾದರೂ ಒಂದು ಹಿಡಿ ಅಕ್ಕಿ, ಒಂದು ಹಿಡಿ ಉಪ್ಪು ಸಿಗುತ್ತಿತ್ತು. ಆದರೆ ಗಂಡ ಸತ್ತು ಮೂರು ತಿಂಗಳಾದವಳು ಹೊತ್ತು ಮೂಡುವ ಮೊದಲು ಇನ್ನೊಬ್ಬರ ಬಾಗಿಲು ತಟ್ಟಿ ಉಪ್ಪು ಕೇಳುವುದು ಆಗದ ಮಾತು. ಯಾರೂ ಬರಬೇಡ ಎಂದು ಹೇಳಿರಲಿಲ್ಲ. ನಾನೇ ಹೋಗುತ್ತಿರಲಿಲ್ಲ.

ಪಾಠಕ್ಕೆಂದು ಇಟ್ಟಿದ್ದು ಅದು ಎಂದು ವೈನಿಗೆ ಹೇಳಿದೆ. ಅವರು ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಟ್ಟರು.

“ಸಾಲ್ಯಾಗ ಅಕ್ಕಿ ಆರಸೂದ ಕಲಸ್ತಾರೇನು?”

“ಹೌದ್ರಿ. ಮಿಶ್ರಣ, ಅದನ್ನ ಬ್ಯಾರೆ ಮಾಡೂದು.”

“ಅದಕ್ಕ ಸಾಲಿ ಯಾಕ ಬೇಕವಾ,” ಎಂದರು. ಮತ್ತೆ, ಅಣ್ಣನಿಗೆ ಕೇಳಿಸದ ಹಾಗೆ, “ಈಗೇನ ಮಾಡ್ತಿ?” ಎಂದರು.

ಇದ್ದದ್ದನ್ನು ತೆಗೆದುಕೊಂಡು ಹೋಗುವುದೆಂದು ನಿರ್ಧರಿಸಿದೆ. ತಂಬಿಗೆಯ ಬಾಯಿಗೆ ಬಟ್ಟೆ ಕಟ್ಟಿದೆ. ಒದ್ದೆ ಉಸುಕಿನ ಮುದ್ದೆಯನ್ನು ಎಲೆಯಲ್ಲಿ ಸುತ್ತಿದೆ. ಖಾಲಿ ಮೊರವನ್ನು ಕಂಕುಳಲ್ಲಿ ಇಟ್ಟುಕೊಂಡೆ. ಮಳೆ ಹೊಯ್ಯುತ್ತಿತ್ತು, ಒಂದು ಕೈಯಲ್ಲಿ ಛತ್ರಿ. ಏಳಕ್ಕೆ ಹೊರಟೆ.

ನಾಲ್ಕನೆಯ ಇಯತ್ತೆಯಲ್ಲಿ ಆ ದಿನ ಮೂವತ್ತೊಂದು ಮಕ್ಕಳು ಹಾಜರಿದ್ದರು. ಅರ್ಧ ಮಕ್ಕಳು ಉಡುಪಿ, ಮಂಗಳೂರಿನ ಕಡೆಯವರು, ಅವರ ತಂದೆಯಂದಿರು ಹೋಟೆಲುಗಳಲ್ಲಿದ್ದರು. ಅವರು ನನ್ನನ್ನು ಟೀಚರ್ ಎನ್ನುತ್ತಿದ್ದರು. ನಮ್ಮ ಕಡೆಯ ಮಕ್ಕಳು ಅಕ್ಕಾರ ಎನ್ನುತ್ತಿದ್ದರು. ಸಾಹೇಬರು ಏಳು ಹದಿನೆಂಟಕ್ಕೆ ಬಂದು ಹಿಂದಿನ ಬೆಂಚಿನ ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡರು. ಕಾರವಾರದ ಕಡೆಯವರು, ಐವತ್ತು ದಾಟಿದವರು, ಕಪ್ಪು ಕೋಟು. ನನ್ನ ಪಾಠ ಟಿಪ್ಪಣಿಯನ್ನು ತೊಡೆಯ ಮೇಲೆ ತೆರೆದಿಟ್ಟುಕೊಂಡರು. ಅದರಲ್ಲಿ ಬರೆದಿದ್ದೆ: ಪೀಠಿಕೆ ಐದು ನಿಮಿಷ, ಮಿಶ್ರಣ ಮಾಡಿ ತೋರಿಸುವುದು ಐದು ನಿಮಿಷ, ಬೇರ್ಪಡಿಸುವುದು ಇಪ್ಪತ್ತು ನಿಮಿಷ, ಪ್ರಶ್ನೆಗಳು ಐದು ನಿಮಿಷ. ಟ್ರೇನಿಂಗ್ ಕಾಲೇಜಿನಲ್ಲಿ ನಮಗೆ ಹೇಳಿಕೊಟ್ಟಂತೆ ಗಡಿಯಾರ ಮೇಜಿನ ಮೇಲೆ, ನನಗೆ ಕಾಣುವಂತೆ.

ಶಾಲೆಯ ಕಪಾಟಿನಲ್ಲಿದ್ದ ಕಬ್ಬಿಣದ ಪುಡಿಯನ್ನು ಉಸುಕಿಗೆ ಬೆರೆಸಿ, ಅಯಸ್ಕಾಂತ ಆಡಿಸಿ ತೆಗೆದು ತೋರಿಸಿದೆ. ಅಷ್ಟು ಟಿಪ್ಪಣಿಯಲ್ಲಿದ್ದಂತೆ ನಡೆಯಿತು. ಆಮೇಲೆ ತಂಬಿಗೆಯನ್ನು ಎತ್ತಿ ಹಿಡಿದೆ.

“ಇದರಲ್ಲಿ ಏನಿದೆ?”

“ನೀರು.”

“ನೀರು ಮಾತ್ರವೇ?”

ಹೋಟೆಲಿನ ಅಡುಗೆಯವರ ಮಗಳೊಬ್ಬಳು ಎದ್ದು ನಿಂತಳು. “ರುಚಿ ನೋಡದೆ ಹೇಗೆ ಹೇಳುದು ಟೀಚರ್?”

ಅವಳ ಅಂಗೈಗೆ ಒಂದು ತೊಟ್ಟು ಬಿಟ್ಟೆ. ನೆಕ್ಕಿದಳು. ಮುಖ ಹುಳ್ಳಗೆ ಮಾಡಿದಳು.

“ಉಪ್ಪುಪ್ಪು. ಚೌಪಾಟಿಯ ಸಮುದ್ರದ್ದು ತಂದದ್ದಾ?”

“ಏ, ಚೌಪಾಟಿ ನೀರ ಇಷ್ಟ ಸಾಫ್ ಇರತೈತೇನ,” ಎಂದು ನಮ್ಮ ಕಡೆಯ ಹುಡುಗನೊಬ್ಬ ಅಂದ.

ಎಲೆ ಬಿಚ್ಚಿ ಉಸುಕಿನ ಮುದ್ದೆ ತೋರಿಸಿದೆ. ಈ ಉಪ್ಪು, ಈ ಉಸುಕು ನಿನ್ನೆ ರಾತ್ರಿ ಒಂದೇ ಬಟ್ಟಲಿನಲ್ಲಿದ್ದವು, ಈಗ ಬೇರೆ ಬೇರೆ ಆಗಿವೆ, ಹೇಗೆ ಆಗಿರಬಹುದು ಎಂದು ಕೇಳಿದೆ.

“ಉಪ್ಪಿನ್ಯಾಗ ಉಸುಕ ಹಾಕಿದವರು ಯಾರ್ರಿ ಅಕ್ಕಾರ?” ಎಂದು ಅದೇ ಹುಡುಗ.

“ನಾನೇ.”

“ಯಾಕ್ರಿ?”

“ನಿಮಗೆ ತೋರಿಸಲು.”

“ಮತ್ತ ತಗದವರು?”

“ನಮ್ಮ ವೈನಿ. ನನಗೆ ಗೊತ್ತಿಲ್ಲದ ಹಾಗೆ.”

ತರಗತಿ ನಕ್ಕಿತು. “ಹಂಗಾದ್ರ ನಿಮ್ಮ ವೈನೀನ್ನ ಕರಕೊಂಡ ಬರಬೇಕಿತ್ತರಿ,” ಎಂದು ಹಿಂದಿನಿಂದ ಯಾರೋ ಅಂದರು. ಸಾಹೇಬರು ತಲೆ ಎತ್ತಲಿಲ್ಲ, ಏನೋ ಬರೆದುಕೊಂಡರು.

ಆಮೇಲೆ ಮಕ್ಕಳು ಒಬ್ಬರ ಮೇಲೊಬ್ಬರು ಹೇಳತೊಡಗಿದರು. ಉಪ್ಪು ನೀರಿನಲ್ಲಿ ಕರಗುತ್ತದೆ, ಉಸುಕು ಕರಗುವುದಿಲ್ಲ, ತಳಕ್ಕೆ ಕೂರುತ್ತದೆ, ಬಟ್ಟೆ ಅದನ್ನು ಹಿಡಿಯುತ್ತದೆ. ಕೊನೆಯಿಂದ ಮೊದಲಿಗೆ ಹೋಗಿ ಎಲ್ಲವನ್ನೂ ಅವರೇ ಹೇಳಿದರು. ಖಾಲಿ ಮೊರವನ್ನು ಕೊಟ್ಟು, ಇದರಲ್ಲಿ ಅಕ್ಕಿಯೂ ಕಲ್ಲೂ ಇದೆ ಎಂದು ತಿಳಿದುಕೊಳ್ಳಿ ಎಂದೆ. ಒಬ್ಬ ಹುಡುಗಿ ಕೇರಿ ತೋರಿಸಿದಳು. ಏನೂ ಇಲ್ಲದ ಮೊರದಿಂದ ಕಲ್ಲು ಆರಿಸಿ ಬದಿಗಿಟ್ಟಳು. ಇನ್ನೊಬ್ಬ, ತಮ್ಮ ಹೋಟೆಲಿನಲ್ಲಿ ಅಷ್ಟು ಅಕ್ಕಿಯನ್ನು ಯಾರೂ ಆರಿಸಿ ಕೂರುವುದಿಲ್ಲ, ದೊಡ್ಡ ಪಾತ್ರೆಯ ನೀರಿನಲ್ಲಿ ಆಡಿಸುತ್ತಾ ಆಡಿಸುತ್ತಾ ಅಕ್ಕಿಯನ್ನು ಇನ್ನೊಂದು ಪಾತ್ರೆಗೆ ಬಗ್ಗಿಸುತ್ತಾರೆ, ಕಲ್ಲು ತಳದಲ್ಲಿ ಉಳಿಯುತ್ತದೆ ಎಂದ. ಅದು ನನ್ನ ಟಿಪ್ಪಣಿಯಲ್ಲಿ ಇರಲಿಲ್ಲ.

ಗಡಿಯಾರ ನೋಡಿದಾಗ ಇಪ್ಪತ್ತೇಳು ನಿಮಿಷ ಆಗಿತ್ತು. ನೀರಿನಲ್ಲಿ ಹೋದ ಉಪ್ಪನ್ನು ಮರಳಿ ಪಡೆಯುವುದು ಪಾಠದ ಕೊನೆಯ ಭಾಗ, ಅದನ್ನು ಹದಿನೈದನೆಯ ನಿಮಿಷಕ್ಕೆ ಆರಂಭಿಸಬೇಕಾಗಿತ್ತು. ಸ್ಪಿರಿಟ್ ದೀಪ ಹೊತ್ತಿಸಿ, ಅಲ್ಯೂಮಿನಿಯಮ್ ಮುಚ್ಚಳದಲ್ಲಿ ಎರಡು ಚಮಚ ಉಪ್ಪುನೀರು ಹಾಕಿ ಮೇಲಿಟ್ಟೆ. ಮಕ್ಕಳನ್ನು ಸುತ್ತ ನಿಲ್ಲಲು ಬಿಟ್ಟೆ. ಮಳೆಗಾಲದ ಗಾಳಿ, ದೀಪ ಸಣ್ಣದು. ನೀರು ಬಿಸಿಯಾಯಿತು, ಸದ್ದು ಮಾಡಿತು, ಕಡಿಮೆಯಾಗುತ್ತಾ ಬಂತು. ಅಂಚಿನಲ್ಲಿ ಸ್ವಲ್ಪ ಮಂದವಾಗುತ್ತಿತ್ತು. ಮಕ್ಕಳು ಒತ್ತೊತ್ತಾಗಿ ಬಗ್ಗಿದ್ದರು.

ಏಳು ಐವತ್ತೈದು. ಗಂಟೆ ಬಾರಿಸಿತು.

ನಾನು ಬತ್ತಿಯ ಮೇಲೆ ಟೊಪ್ಪಿಗೆ ಇಟ್ಟು ದೀಪ ಆರಿಸಿದೆ.

“ಟೀಚರ್, ಒಂದೇ ನಿಮಿಷ.”

“ಗಂಟೆ ಆಯಿತು. ಎಲ್ಲರೂ ನಿಮ್ಮ ನಿಮ್ಮ ಜಾಗಕ್ಕೆ.”

ಅವರು ಹೋಗಿ ಕುಳಿತರು. ನಾನು ಹಲಗೆ ಒರೆಸಿ ಮುಂದಿನ ಅವಧಿಯ ಗಣಿತದ ಲೆಕ್ಕ ಬರೆಯಲು ಸುಣ್ಣದ ಕಡ್ಡಿ ತೆಗೆದುಕೊಂಡೆ. ಸಾಹೇಬರು ಎದ್ದು ಬಂದು ಬಾಗಿಲ ಹೊರಗೆ ಬರಲು ಸನ್ನೆ ಮಾಡಿದರು.

ವರಾಂಡದಲ್ಲಿ ಇರಚಲು ಹೊಡೆಯುತ್ತಿತ್ತು. ಅವರು ಗೋಡೆಗೆ ಸರಿದು ನಿಂತು ಹೇಳಿದರು: “ಟಿಪ್ಪಣಿಯ ಪ್ರಕಾರ ಪಾಠ ನಡೆಯಲಿಲ್ಲ. ಅದಕ್ಕೆ ನನ್ನ ಆಕ್ಷೇಪಣೆ ಏನೂ ಇಲ್ಲ. ನಡೆದದ್ದು ಟಿಪ್ಪಣಿಗಿಂತ ಒಳ್ಳೆಯದಿತ್ತು. ಆ ಖಾಲಿ ಮೊರ ನನಗೆ ಬಹಳ ಸೇರಿತು. ದೀಪ ಯಾಕೆ ಆರಿಸಿದಿರಿ?”

“ಗಂಟೆ ಆಯಿತು, ಸರ್.”

“ಗಂಟೆ ನನಗೂ ಕೇಳಿಸಿತು. ಮುಂದಿನ ಅವಧಿಯೂ ನಿಮ್ಮದೇ ಇತ್ತಲ್ಲ?”

“ಹೌದು, ಸರ್.”

“ಮಕ್ಕಳ ಮುಖ ನೋಡಿದಿರಾ, ಆಗ?”

“ಇಲ್ಲ, ಸರ್.”

ನನ್ನ ಮನೆಯ ಸಂಗತಿ ಮುಖ್ಯೋಪಾಧ್ಯಾಯರಿಂದ ಅವರಿಗೆ ತಿಳಿದಿತ್ತೆಂದು ಕಾಣುತ್ತದೆ, ದನಿ ತಗ್ಗಿಸಿದರು. “ನಾನು ಆರು ತಿಂಗಳು ಮುಂದಕ್ಕೆ ಹಾಕುತ್ತೇನೆ. ಹಂಗಾಮಿಯಾಗಿ ಇರಿ. ಜನವರಿಯಲ್ಲಿ ಮತ್ತೆ ಬಂದು ನೋಡುತ್ತೇನೆ.”

ಆಗಲಿ ಸರ್ ಎಂದೆ. ಒಳಗೆ ಹೋಗಿ ಗಣಿತ ಆರಂಭಿಸಿದೆ. ಆರಿದ ದೀಪದ ಮೇಲೆ ಉಪ್ಪುನೀರಿನ ಮುಚ್ಚಳ ಬಿಸಿಯಾಗಿಯೇ ಇತ್ತು. ಭಾಗಾಕಾರದ ಎರಡನೆಯ ಲೆಕ್ಕದ ಹೊತ್ತಿಗೆ ಅದರಲ್ಲಿ ಬಿಳಿಯ ಬಳೆಯ ಹಾಗೆ ಉಪ್ಪು ಕಟ್ಟಿತ್ತು. ಮುಂದಿನ ಬೆಂಚಿನವರು ಕತ್ತು ಉದ್ದ ಮಾಡಿ ನೋಡುತ್ತಿದ್ದರು. ಲೆಕ್ಕದ ಕಡೆ ನೋಡಿ ಎಂದೆ.

ಮನೆಗೆ ಬಂದಾಗ ಹನ್ನೆರಡೂಕಾಲು. ಅಣ್ಣ ಟ್ರಂಕಿನ ಮೇಲೆ ಕುಳಿತು ಹಾಸಿಗೆ ಸುತ್ತಿದ ಹೋಲ್ಡಾಲಿನ ಪಟ್ಟಿ ಬಿಗಿಯುತ್ತಿದ್ದ.

“ಏನಾತು?”

“ಆರು ತಿಂಗಳ ಮುಂದಕ್ಕ ಹಾಕ್ಯಾರ.”

“ಅಂದ್ರ, ಆಗಲಿಲ್ಲ.”

“ಆಗಲಿಲ್ಲ.”

“ಆತು ಹಂಗಾದ್ರ. ಉಂಡು, ನಿನ್ನ ಸಾಮಾನ ಕಟ್ಟಿಕೋ. ಐದೂವರೀ ಗಾಡಿ. ಕ್ವಾಣಿ ಮಾಲಕಗ ನಾ ಹೇಳ್ತೀನಿ.”

ನಾನು ಹಗ್ಗದ ಮೇಲಿದ್ದ ಎರಡು ಸೀರೆ ತೆಗೆದು ಮಡಿಸತೊಡಗಿದೆ. ಆಗುವುದಿಲ್ಲ ಎನ್ನಲು ಮಾತು ಇರಲಿಲ್ಲ. ಒಪ್ಪಿಕೊಂಡಿದ್ದ ಕರಾರು ಅದು. ವೈನಿ ಒಲೆಯ ಮುಂದಿನಿಂದ ತಿರುಗಿದರು.

“ಯಾಕ ಆಗಲಿಲ್ಲ? ಸಾಹೇಬ ಏನಂದ?”

“ಟಿಪ್ಪಣಿ ಪ್ರಕಾರ ಪಾಠ ನಡೀಲಿಲ್ಲ ಅಂದ್ರು,” ಎಂದೆ.

ಸಾಹೇಬರು ಆ ಮಾತು ಆಡಿದ್ದು ನಿಜ. ಅದರ ಮುಂದಿನ ಮಾತನ್ನು ನಾನು ಹೇಳಲಿಲ್ಲ. ಯೋಚನೆ ಮಾಡಿ ಬಿಟ್ಟದ್ದೂ ಅಲ್ಲ. ಅಷ್ಟು ಹೇಳಿದೆ, ನಿಲ್ಲಿಸಿದೆ.

ವೈನಿ ಸೆರಗಿಗೆ ಕೈ ಒರೆಸಿಕೊಂಡು ಎದ್ದು ನಿಂತರು. “ಕೇಳಿದ್ರಿ?” ಎಂದು ಅಣ್ಣನಿಗೆ ಹೇಳಿದರು. “ಅಕೀ ಪಾಠಕ್ಕ ಅಂತ ಕೂಡಿಸಿ ಇಟ್ಟಿದ್ದನ್ನ ನಾ ನಸಿಕಿನ್ಯಾಗ ಎದ್ದು ಆರಿಸಿ ಸೋಸಿ ಕುಂತೆ. ಅದಕ್ಕ ಆಗಲಿಲ್ಲ.”

“ನಿನಗ ಯಾರ ಹೇಳಿದ್ರು ಆರಸು ಅಂತ?”

“ಅಕ್ಕ್ಯಾಗ ಕಲ್ಲ ಕಂಡ ಮ್ಯಾಲ ಯಾರರ ಹೇಳಬೇಕೇನು? ನೀವು ಊಟಕ್ಕ ಕುಂತಾಗ ಹಲ್ಲಿಗೆ ಒಂದು ಕಲ್ಲ ಸಿಕ್ಕ್ರ ಮನೀ ಎತ್ತಿ ಇಡ್ತೀರಿ.”

“ಆಗೂದು ಆತು. ಈಗ ಏನಂತಿ?”

“ನನ್ನ ತಪ್ಪಿಗೆ ಅಕೀ ಯಾಕ ಗಾಡಿ ಹತ್ತಬೇಕು ಅಂತೀನಿ. ಕಾಯಂ ಆಗೂದು ನಾ ಕೆಡಿಸಿದ್ದು. ಆರು ತಿಂಗಳ ಅಂದಾರ, ಆರು ತಿಂಗಳ ಇರ್ಲಿ. ಮತ್ತೊಮ್ಮೆ ಪಾಠ ಮಾಡ್ಲಿ. ಇಲ್ಲಾಂದ್ರ ನಾಳೆ ಮನ್ಯಾಗ ಅಕೀ ಮಾರಿ ನಾ ಹ್ಯಾಂಗ ನೋಡ್ಲಿ?”

ಅಣ್ಣ ಪಟ್ಟಿ ಬಿಟ್ಟು ನನ್ನ ಕಡೆ ನೋಡಿದ. “ಹೌದೇನು? ಅಕ್ಕಿ ಇದ್ದಿದ್ರ ಆಗ್ತಿತ್ತೇನು?”

ಸೀರೆಯ ಮಡಿಕೆ ನನ್ನ ಕೈಯಲ್ಲಿತ್ತು. ಅಕ್ಕಿ ಇದ್ದಿದ್ದರೆ, ಕ್ರಮವಾಗಿ, ನಿಮಿಷಕ್ಕೆ ಸರಿಯಾಗಿ ಟಿಪ್ಪಣಿಯಂತೆ ಪಾಠ ನಡೆದಿದ್ದರೆ, ಆಗುತ್ತಿತ್ತೋ ಇಲ್ಲವೋ ನನಗೆ ತಿಳಿಯದು. ತಿಳಿದಿದ್ದದ್ದು ಒಂದೇ, ಸಾಹೇಬರಿಗೆ ಸೇರಿದ್ದು ವೈನಿ ಮಾಡಿದ ಕೆಲಸ, ಸೇರದೆ ಹೋದದ್ದು ನಾನು ಮಾಡಿದ ಕೆಲಸ.

“ಗೊತ್ತಿಲ್ಲ,” ಎಂದೆ.

ಅಣ್ಣ ಬಹಳ ಹೊತ್ತು ಹೋಲ್ಡಾಲಿನ ಪಟ್ಟಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡಿದ. “ಸಂಕ್ರಮಣದ ತನಕ,” ಎಂದ ಕೊನೆಗೆ. “ಅದರ ಮ್ಯಾಲ ನಾ ಕೇಳಂಗಿಲ್ಲ.” ಊಟಕ್ಕೆ ಎಲೆ ಹಾಕಿದೆವು. ವೈನಿ ಆರಿಸಿದ ಅಕ್ಕಿಯ ಅನ್ನ. ಯಾರಿಗೂ ಕಲ್ಲು ಸಿಗಲಿಲ್ಲ.

ಜನವರಿಯಲ್ಲಿ ನನಗೆ ಕಾಯಂ ಆಯಿತು. ಮುಂಬಯಿಯಲ್ಲೇ ಮೂವತ್ತೊಂದು ವರ್ಷ ಪಾಠ ಮಾಡಿದೆ. ವೈನಿ ಬದುಕಿರುವ ತನಕ ಮದುವೆ ಮುಂಜಿಗಳಲ್ಲಿ ನೆಂಟರ ನಡುವೆ ಕುಳಿತು, “ನನ್ನ ನಾದಿನೀ ನೌಕರೀ ಕಳೀತಿದ್ದೆ ನಾ, ಉಪ್ಪ ಸೋಸಿ,” ಎಂದು ಹೇಳಿ ಎಲ್ಲರನ್ನೂ ನಗಿಸುತ್ತಿದ್ದರು. ನಗಿಸಿ ಆದ ಮೇಲೆ ನನ್ನ ಕಡೆ ಒಮ್ಮೆ ನೋಡುತ್ತಿದ್ದರು, ಇವಳು ಕ್ಷಮಿಸಿದ್ದಾಳೋ ಇಲ್ಲವೋ ಎನ್ನುವ ಹಾಗೆ. ನಾನೂ ನಗುತ್ತಿದ್ದೆ. ದೀಪ ಆರಿಸಿದ ಮಾತನ್ನು ಅವರಿಗೆ ಒಮ್ಮೆಯೂ ಹೇಳಲಿಲ್ಲ. ಈಗ ಬರೆಯುತ್ತಿದ್ದೇನೆ, ಅವರು ಓದುವ ಹಾಗಿಲ್ಲ.

ಆ ದಿನ ನಾಲ್ಕೂವರೆಗೆ ಮೂವರೂ ದಾದರ್ ಸ್ಟೇಶನ್ನಿಗೆ ನಡೆದೆವು. ಟ್ರಂಕು ಅಣ್ಣನ ಕೈಯಲ್ಲಿ, ಹೋಲ್ಡಾಲು ಕೂಲಿಯ ತಲೆಯ ಮೇಲೆ. ಗಾಡಿ ಹದಿನೈದು ನಿಮಿಷ ತಡವಾಗಿ ಬಂತು. ವೈನಿ ಹೆಂಗಸರ ಡಬ್ಬಿಯ ಕಿಟಕಿಯಿಂದ ನನ್ನ ಕೈ ಹಿಡಿದುಕೊಂಡರು. ಅವರ ಬೆರಳ ತುದಿಗಳು ನೀರಿನಲ್ಲಿ ನೆನೆದು ಸುಕ್ಕುಗಟ್ಟಿದ್ದವು.

“ಆ ಸಾಹೇಬಗ ಹೇಳು,” ಎಂದರು, “ನಮ್ಮ ವೈನಿ ಊರಿಗೆ ಹೋದ್ಲು, ಇನ್ನ ಚಿಂತೀ ಇಲ್ಲ ಅಂತ.”

ಅಲ್ಲಿ ಹೇಳಬಹುದಾಗಿತ್ತು. ಗಾಡಿ ನಿಂತಿದ್ದದ್ದು ಐದು ನಿಮಿಷ, ಹೇಳಲು ಒಂದು ನಿಮಿಷ ಸಾಕಾಗಿತ್ತು. ನಾನು ಹೂಂ ಎಂದೆ. ಅವರ ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣಲ್ಲಿ ಇರಲಿಲ್ಲ. ಗಾಡಿ ಹೋದ ಮೇಲೆ ಪ್ಲಾಟ್‌ಫಾರ್ಮಿನ ಗಡಿಯಾರ ನೋಡಿದೆ. ಐದು ಐವತ್ತು.

ಆರೂಕಾಲಿಗೆ ಕೋಣೆಯ ಬೀಗ ತೆಗೆದೆ. ಆರೂವರೆಗೆ ನಲ್ಲಿಯಲ್ಲಿ ನೀರು ಬಂತು. ಸಾಲಿನಲ್ಲಿ ನಿಂತು ಎರಡು ಕೊಡ, ಒಂದು ಬಕೆಟ್ ತುಂಬಿ ತಂದೆ. ಮಡಿಸಿಟ್ಟಿದ್ದ ಎರಡು ಸೀರೆಗಳನ್ನು ಮತ್ತೆ ಹಗ್ಗಕ್ಕೆ ಹಾಕಿದೆ. ನೆಲ ಒರೆಸಿದೆ. ಸೋಮವಾರದ ನಾಲ್ಕು ಪಾಠಗಳ ಟಿಪ್ಪಣಿ ಬರೆದೆ, ಪ್ರತಿ ಹಂತಕ್ಕೂ ನಿಮಿಷ ಹಾಕಿದೆ. ಕೊನೆಯ ಹಾಳೆಯ ಶಾಯಿ ಒಣಗುವ ತನಕ ಕಾದು ಪುಸ್ತಕ ಮುಚ್ಚಿದೆ. ಎಂಟು ಗಂಟೆ ಐದು ನಿಮಿಷ.